ಚಿಲ್ಲರೆ ಧೈರ್ಯ

ನನ್ನ ತಮ್ಮ ತಿಪಟೂರಿನಲ್ಲಿ ವಕೀಲ. ಅವನ ಆಫೀಸಿನ ಗೋಡೆಯ ಮೇಲೆ ಮೂರು ಪಟಗಳಿವೆ: ಗಣಪತಿ, ಅಂಬೇಡ್ಕರ್, ಮತ್ತೆ ದಪ್ಪ ಕನ್ನಡಕದ, ಸೂಟು ತೊಟ್ಟ ಒಬ್ಬ ಎತ್ತರದ ಬಿಳಿಯ. ಮೊದಲಿಬ್ಬರು ಪರಿಚಯದವರಾದ್ದರಿಂದ ಕಕ್ಷಿದಾರರು ಬಂದ ತಕ್ಷಣ ಕೈಮುಗಿಯುತ್ತಾರೆ. ಮೂರನೆಯವರ ಮುಂದೆ ಮಾತ್ರ ಸ್ವಲ್ಪ ಹೊತ್ತು ನಿಂತು, ಎದುರು ಪಾರ್ಟಿಯ ಕಡೆಯವರಿರಲಿಕ್ಕಿಲ್ಲ ಎಂದು ಖಾತ್ರಿ ಮಾಡಿಕೊಂಡು, ಇರಲಿ ಎಂದು ಅವರಿಗೂ ಒಂದು ಕೈಮುಗಿಯುತ್ತಾರೆ. “ಇವ್ರು ನಿಮ್ ಸೀನಿಯರ್ರಾ ಸ್ವಾಮಿ?” ಎಂದು ಯಾರಾದರೂ ಕೇಳಿದರೆ ತಮ್ಮ ಗಂಭೀರವಾಗಿ ಹೌದು ಅನ್ನುತ್ತಾನೆ.

ಅದು ಹಾಲಿವುಡ್ ನಟ ಗ್ರೆಗರಿ ಪೆಕ್. 1962ರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಸಿನಿಮಾದಲ್ಲಿ ಆಟಿಕಸ್ ಫಿಂಚ್ ಎಂಬ ವಕೀಲನ ಪಾತ್ರ ಮಾಡಿ ಆಸ್ಕರ್ ಗೆದ್ದವನು. ನನ್ನ ತಮ್ಮನ ಪಾಲಿಗೆ ಪೆಕ್ಕೂ ಆಟಿಕಸ್ಸೂ ಒಬ್ಬನೇ, ನಮ್ಮ ಅಜ್ಜಿಗೆ ರಾಜ್‌ಕುಮಾರರೂ ಮಯೂರವರ್ಮನೂ ಒಬ್ಬನೇ ಆಗಿದ್ದ ಹಾಗೆ. ಅವನು ಕಾನೂನು ಓದಿದ್ದೇ ಆ ಸಿನಿಮಾ ನೋಡಿ. ನಾನು ಸಿನಿಮಾಕ್ಕಿಂತ ಮೊದಲು ಪುಸ್ತಕ ಓದಿದವಳು. ನಮ್ಮಿಬ್ಬರ ಜಗಳ ಇರುವುದೂ ಅಲ್ಲಿಯೇ.

ಹಾರ್ಪರ್ ಲೀ ಬರೆದ ಆ ಕಾದಂಬರಿ ಪ್ರಕಟವಾದದ್ದು 1960ರ ಜುಲೈಯಲ್ಲಿ. ಮರುವರ್ಷವೇ ಪುಲಿಟ್ಜರ್ ಬಂತು. ಓದದವರಿಗಾಗಿ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ಅಮೆರಿಕದ ದಕ್ಷಿಣದ ಅಲಬಾಮಾ ರಾಜ್ಯ, ಅಲ್ಲಿ ಮೇಕಾಂಬ್ ಎಂಬ ಕಲ್ಪಿತ ಊರು, 1930ರ ದಶಕ. ಟಾಮ್ ರಾಬಿನ್ಸನ್ ಎಂಬ ಕಪ್ಪು ಕೂಲಿಯವನ ಮೇಲೆ ಮೇಯೆಲ್ಲಾ ಯೂಯೆಲ್ ಎಂಬ ಬಡ ಬಿಳಿಯ ಹುಡುಗಿಯೂ ಅವಳಪ್ಪನೂ ಅತ್ಯಾಚಾರದ ಸುಳ್ಳು ಆರೋಪ ಹೊರಿಸುತ್ತಾರೆ. ಆಟಿಕಸ್ ಅವನ ಪರ ವಾದಿಸುತ್ತಾನೆ. ಹುಡುಗಿಗೆ ಏಟು ಬಿದ್ದಿರುವುದು ಮುಖದ ಬಲಭಾಗಕ್ಕೆ. ಅಂದರೆ ಹೊಡೆದವನು ಎಡಚ. ಟಾಮನ ಎಡಗೈ ಚಿಕ್ಕಂದಿನಲ್ಲೇ ಹತ್ತಿ ಬಿಡಿಸುವ ಯಂತ್ರಕ್ಕೆ ಸಿಕ್ಕಿ ಮೊಂಡಾದದ್ದು, ಅದು ಇದ್ದೂ ಇಲ್ಲದ ಹಾಗೆ. ಬಿಳಿಯ ಗಂಡಸರೇ ತುಂಬಿದ ಜ್ಯೂರಿ ಇದನ್ನೆಲ್ಲ ಕಣ್ಣಾರೆ ನೋಡಿ, ಅವನು ಅಪರಾಧಿ ಎನ್ನುತ್ತದೆ. ಇಷ್ಟನ್ನೂ ನಮಗೆ ಹೇಳುವವಳು ಆಟಿಕಸ್ಸನ ಮಗಳು ಸ್ಕೌಟ್. ಕಥೆ ಶುರುವಾಗುವಾಗ ಅವಳಿಗೆ ಆರು ತುಂಬಿಲ್ಲ, ಬಾಯಿ ಮಾತ್ರ ಅರವತ್ತರದ್ದು.

ತಮ್ಮನ ಪ್ರಕಾರ ಈ ಪುಸ್ತಕದಲ್ಲಿ ಧೈರ್ಯವಂತ ಇರುವುದು ಒಬ್ಬನೇ, ಮಿಕ್ಕವರೆಲ್ಲ ಅವನ ಸುತ್ತ ಕಟ್ಟಿದ ಹಿನ್ನೆಲೆಯ ಪರದೆ. ನನಗೆ ಹಾಗೆ ಅನ್ನಿಸುವುದಿಲ್ಲ. ಆ ಊರಿನಲ್ಲಿ ಧೈರ್ಯ ಸಗಟಾಗಿ ಒಂದೇ ಅಂಗಡಿಯಲ್ಲಿ ಸಿಗುವ ಸರಕಲ್ಲ. ಒಬ್ಬೊಬ್ಬರ ಹತ್ತಿರ ಒಂದಿಷ್ಟು ಚಿಲ್ಲರೆ ಇದೆ, ಕೆಲವರ ನಾಣ್ಯ ಸವೆದಿದೆ, ಕೆಲವರದಕ್ಕೆ ಒಂದು ಮುಖದಲ್ಲಿ ಮಾತ್ರ ಅಚ್ಚು. ಯಾರು ಎಷ್ಟು ಕೊಟ್ಟರು ಅನ್ನುವುದಕ್ಕಿಂತ ಕೊಟ್ಟ ಮೇಲೆ ಅವರ ಕೈಯಲ್ಲಿ ಎಷ್ಟು ಉಳಿಯಿತು ಎಂದು ಲೆಕ್ಕ ಹಾಕಿದರೆ ನನ್ನ ತಮ್ಮನ ಸೀನಿಯರ್ ಮೊದಲ ಸ್ಥಾನದಲ್ಲಿ ಇರುವುದಿಲ್ಲ. ಇದನ್ನು ನಾನು ಹೇಳಿದ ದಿನ ಅವನು ಊಟಕ್ಕೆ ಎರಡನೇ ಸಲ ಸಾರು ಹಾಕಿಸಿಕೊಳ್ಳಲಿಲ್ಲ. ಅವನ ಮಟ್ಟಿಗೆ ಅದು ಉಪವಾಸ ಸತ್ಯಾಗ್ರಹ.

ಆಟಿಕಸ್ಸನ ಮೇಲೆ ನನಗೇನೂ ಕೋಪವಿಲ್ಲ. ಕನ್ನಿಂಗ್‌ಹ್ಯಾಮ್ ಎಂಬ ಬಡ ರೈತ ಫೀಸು ಕೊಡಲು ದುಡ್ಡಿಲ್ಲದೆ ಸೌದೆ, ಕಾಡಿನ ಕಾಯಿ, ಸೊಪ್ಪು ತಂದು ಹಿತ್ತಲಲ್ಲಿ ಇಟ್ಟು ಹೋಗುತ್ತಾನಲ್ಲ, ಅದನ್ನು ಓದಿದಾಗೆಲ್ಲ ತಮ್ಮನ ಮನೆಯ ವರಾಂಡ ನೆನಪಾಗುತ್ತದೆ. ತಿಪಟೂರಿನ ವಕೀಲನಿಗೆ ಕಕ್ಷಿದಾರ ಏನು ತಂದುಕೊಡಬಲ್ಲ? ತೆಂಗಿನಕಾಯಿ. ಜಮೀನಿನ ವ್ಯಾಜ್ಯ ತಲೆಮಾರುಗಟ್ಟಲೆ ನಡೆಯುವುದರಿಂದ ಕಾಯಿಯೂ ತಲೆಮಾರುಗಟ್ಟಲೆ ಬರುತ್ತದೆ. ನಾದಿನಿ ಮಾತ್ರ, “ಅತ್ಗೆ, ನಿಮ್ ತಮ್ಮಂಗೆ ಹೇಳಿ, ಒಂದ್ ಕೇಸಾದ್ರೂ ಕೊಬ್ರಿ ರೇಟು ಬಿದ್ದಿಲ್ದಾಗ ತಗೊಳ್ಳಿ ಅಂತ” ಎಂದು ಗೊಣಗುತ್ತಾಳೆ.

ನನ್ನ ತಕರಾರು ಬೇರೆ. ಟಾಮನ ಕೇಸನ್ನು ಆಟಿಕಸ್ ತಾನಾಗಿ ಹುಡುಕಿಕೊಂಡು ಹೋದವನಲ್ಲ. ನ್ಯಾಯಾಧೀಶ ಟೇಲರ್ ಅದನ್ನು ಅವನಿಗೆ ವಹಿಸಿದ. ಹೀಗೆ ಕೋರ್ಟೇ ವಕೀಲರನ್ನು ಕೊಡಬೇಕಾದ ಕೇಸುಗಳು ರೂಢಿಯಂತೆ ಹೋಗುತ್ತಿದ್ದದ್ದು ಮ್ಯಾಕ್ಸ್‌ವೆಲ್ ಗ್ರೀನ್ ಎಂಬ ಹೊಸ ಹುಡುಗನಿಗೆ, ಅನುಭವ ಆಗಲಿ ಅಂತ. ಬೀದಿಯ ಆಚೆ ಬದಿಯ ಮನೆಯ ಮೋಡಿ ಎಂಬಾಕೆ ಇದನ್ನು ಮಕ್ಕಳಿಗೆ ಬಿಡಿಸಿ ಹೇಳುವವರೆಗೆ ನಾವೂ ಗಮನಿಸಿರುವುದಿಲ್ಲ. ಸಿಗಾರು ಜಗಿಯುತ್ತ ನಿದ್ದೆ ಹೋದಂತೆ ಕೂರುವ ಆ ಟೇಲರ್ ಒಂದು ಹೆಸರಿನ ಬದಲು ಇನ್ನೊಂದು ಹೆಸರು ಬರೆದ, ಅಷ್ಟೆ. ದಕ್ಷಿಣದ ಆ ಕಾಲದ ಕೋರ್ಟಿನಲ್ಲಿ ಅದು ಸಣ್ಣ ಮಾತಲ್ಲ. ಅವನಿಗೆ ಯಾರೂ ಫೋಟೊ ಹಾಕಿಸುವುದಿಲ್ಲ.

ಈ ‘ವಹಿಸಿದ ಕೇಸು’ ಅನ್ನುವ ವಿಷಯವನ್ನೇ ಹಿಡಿದು ಮನ್ರೋ ಫ್ರೀಡ್‌ಮನ್ ಎಂಬ ಅಮೆರಿಕದ ಕಾನೂನು ಪ್ರಾಧ್ಯಾಪಕರು 1992ರಲ್ಲಿ ಒಂದು ಲೇಖನ ಬರೆದರು. ಆಟಿಕಸ್ ಶಾಸನಸಭೆಯ ಸದಸ್ಯನಾಗಿದ್ದ, ಊರಿನ ದೊಡ್ಡ ಮನುಷ್ಯನಾಗಿದ್ದ, ಆದರೂ ಕೋರ್ಟಿನಲ್ಲಿ ಕಪ್ಪು ಜನ ಮಹಡಿಯಲ್ಲಿ ಕೂರಬೇಕಾದ ವ್ಯವಸ್ಥೆಯ ಬಗ್ಗೆ ತಾನಾಗಿ ಏನು ಮಾಡಿದ ಎಂಬುದು ಅವರ ಪ್ರಶ್ನೆ. ಅಮೆರಿಕದ ವಕೀಲರು ತಮ್ಮ ಮನೆದೇವರನ್ನು ಬೈದ ಹಾಗೆ ಅವರ ಮೇಲೆ ಮುಗಿಬಿದ್ದರು. ನನ್ನ ತಮ್ಮನೂ ಬಿದ್ದ, ಕೆಲವು ವರ್ಷ ತಡವಾಗಿ, ನನ್ನ ಅಡಿಗೆಮನೆಯಲ್ಲಿ. “ಅಕ್ಕ, ವಹಿಸಿದ ಕೇಸನ್ನ ಕಾಟಾಚಾರಕ್ಕೆ ನಡೆಸಿ ಕೈತೊಳ್ಕೊಳ್ಳೋದು ಎಷ್ಟು ಸುಲಭ ಗೊತ್ತಾ ನಿಂಗೆ? ನಾನು ದಿನಾ ನೋಡ್ತೀನಿ. ಅವನು ನಿಜವಾಗಿ ನಡೆಸಿದ. ಊರಿಗೆ ಸಿಟ್ಟು ಬಂದಿದ್ದು ಅದಕ್ಕೇ.” ಆ ಮಾತಿನಲ್ಲಿ ಹುರುಳಿದೆ ಎಂದು ಒಪ್ಪಿ ಅವನಿಗೆ ಕಾಫಿ ಕೊಟ್ಟೆ.

ಧೈರ್ಯ ಅಂದರೇನು ಎಂಬ ಪಾಠ ಈ ಪುಸ್ತಕದಲ್ಲಿ ಕೋರ್ಟಿಗಿಂತ ಎಷ್ಟೋ ಮೊದಲೇ ಬರುತ್ತದೆ. ಅದನ್ನು ಹೇಳಿಕೊಡಲು ಹಾರ್ಪರ್ ಲೀ ಆರಿಸಿಕೊಂಡ ಮೇಷ್ಟ್ರು ಯಾರು ನೋಡಿ. ಮಿಸೆಸ್ ಡುಬೋಸ್. ಅದೇ ಬೀದಿಯಲ್ಲಿ ಗಾಲಿಕುರ್ಚಿಯ ಮೇಲೆ ಕೂತು, ಬರುವವರಿಗೆ ಹೋಗುವವರಿಗೆಲ್ಲ ಮಂತ್ರಪುಷ್ಪ ಮಾಡುವ ಮುದುಕಿ. ಇಂಥವರು ಪ್ರತಿ ಬೀದಿಗೂ ಒಬ್ಬರಂತೆ ಹಂಚಿಕೆಯಾಗಿದ್ದಾರೆ, ನಮ್ಮ ಬೀದಿಯ ಕೋಟಾ ನನ್ನ ಮನೆಯ ಎದುರಿಗೇ ಬಂದಿದೆ. ಡುಬೋಸ್ ಬರಿಯ ಬಾಯಿಬಡಕಿಯಲ್ಲ, ಅವಳ ಮಾತಿನಲ್ಲಿ ವರ್ಣದ್ವೇಷದ ನಂಜು. ಕಪ್ಪು ಜನರ ಪರ ನಿಂತ ನಿಮ್ಮಪ್ಪ ಅವರಿಗಿಂತ ಮೇಲೇನಲ್ಲ ಎಂದು ಮಕ್ಕಳ ಮುಖಕ್ಕೇ ಅನ್ನುತ್ತಾಳೆ. ಸ್ಕೌಟಳ ಅಣ್ಣ ಜೆಮ್‌ಗೆ ತಡೆಯುವುದಿಲ್ಲ. ತಂಗಿಯ ಕೈಯಲ್ಲಿದ್ದ ಹೊಸ ಕೋಲು ಕಿತ್ತುಕೊಂಡು ಮುದುಕಿಯ ಕಮೆಲಿಯಾ ಹೂಗಿಡಗಳ ತಲೆಯನ್ನೆಲ್ಲ ಸವರಿಹಾಕುತ್ತಾನೆ.

ಅದಕ್ಕೆ ಅವನಿಗೆ ಸಿಕ್ಕ ಶಿಕ್ಷೆ, ದಿನವೂ ಅವಳ ಮನೆಗೆ ಹೋಗಿ ಹಾಸಿಗೆಯ ಪಕ್ಕ ಕೂತು ‘ಐವನ್‌ಹೋ’ ಓದಿ ಹೇಳುವುದು. ಒಂದು ತಿಂಗಳು, ಅದರ ಮೇಲೆ ಇನ್ನೊಂದು ವಾರ. (ಸರ್ ವಾಲ್ಟರ್ ಸ್ಕಾಟನನ್ನು ಶಿಕ್ಷೆಯಾಗಿ ಬಳಸಿದ್ದು ನನಗೆ ಹಾರ್ಪರ್ ಲೀಯ ತಣ್ಣನೆಯ ಹಾಸ್ಯವೆಂದೇ ತೋರುತ್ತದೆ.) ಕೋಣೆಯಲ್ಲಿ ಔಷಧಿಯ ವಾಸನೆ, ಮುದುಕಿಯ ಬಾಯಂಚಿನಲ್ಲಿ ಜೊಲ್ಲು. ಓದುತ್ತಾ ಓದುತ್ತಾ ಅವಳಿಗೆ ಒಂಥರಾ ಸೆಳವು ಬರುತ್ತದೆ, ತಲೆ ಅತ್ತಿತ್ತ ಹೊರಳುತ್ತದೆ. ಮೇಜಿನ ಮೇಲಿನ ಅಲಾರಂ ಗಡಿಯಾರ ಬಾರಿಸಿದ ಮೇಲೆ ಆಳು ಬಂದು ಮಕ್ಕಳನ್ನು ಹೊರಗೆ ಕಳಿಸಿ ಔಷಧಿ ಕೊಡುತ್ತಾಳೆ. ಆ ಗಡಿಯಾರ ದಿನದಿನಕ್ಕೂ ಸ್ವಲ್ಪ ಸ್ವಲ್ಪ ತಡವಾಗಿ ಬಾರಿಸುತ್ತಿದೆ ಎಂಬುದು ಸ್ಕೌಟಳಿಗೆ ಹೊಳೆಯುವುದು ನಿಧಾನವಾಗಿ. ಮುದುಕಿ ಸತ್ತ ಮೇಲೆ ಗುಟ್ಟು ಗೊತ್ತಾಗುತ್ತದೆ. ನೋವಿಗೆಂದು ಡಾಕ್ಟರು ಕೊಟ್ಟ ಮಾರ್ಫೀನಿಗೆ ಅವಳು ವರ್ಷಗಳಿಂದ ದಾಸಿಯಾಗಿದ್ದಳು. ಸಾಯುವುದು ಹೇಗೂ ಖಚಿತ, ಅದನ್ನು ತೆಗೆದುಕೊಂಡೇ ನೆಮ್ಮದಿಯಾಗಿ ಸಾಯಬಹುದಿತ್ತು. ಯಾರ ಹಂಗೂ ಇಲ್ಲದೆ ಹೋಗಬೇಕು ಎಂದು ಅವಳ ಹಟ. ಹುಡುಗನ ಓದು ಆ ಹೊತ್ತನ್ನು ಒಂದಿಷ್ಟು ತಳ್ಳುವುದಕ್ಕೆ ನೆಪ.

ಅಲಾರಂ ಗಡಿಯಾರವನ್ನು ಹೀಗೆ ಕಾದಂಬರಿಯ ಪಾತ್ರ ಮಾಡಿದ ಲೇಖಕಿಯ ಕೈಗೆ ನಾನು ಬೆರಗಾಗುತ್ತೇನೆ. ಅದಕ್ಕಿಂತ ಹೆಚ್ಚು ಬೆರಗು, ಮಕ್ಕಳಿಗೆ ಧೈರ್ಯದ ಪಾಠ ಹೇಳಲು ಅವಳು ಊರಿನಲ್ಲೇ ಅತ್ಯಂತ ಅನ್ಯಾಯದ ಬಾಯಿಯವಳನ್ನು ಕರೆತಂದದ್ದು. ಹುಚ್ಚುನಾಯಿಯನ್ನು ಒಂದೇ ಗುಂಡಿಗೆ ಹೊಡೆದ ಅಪ್ಪ ಅಲ್ಲೇ ಪಕ್ಕದ ಅಧ್ಯಾಯದಲ್ಲಿದ್ದಾನೆ. ಅವನನ್ನು ತೋರಿಸಿ ಜೈ ಅನ್ನಬಹುದಿತ್ತು. ಆ ಅಪ್ಪನೇ ಮಗನಿಗೆ, ಕೈಯಲ್ಲಿ ಬಂದೂಕು ಹಿಡಿದವನಲ್ಲ ಕಣೋ, ಆ ಮುದುಕಿಯನ್ನು ನೋಡು ಅನ್ನುತ್ತಾನೆ. ಮುದುಕಿ ಮಾರ್ಫೀನನ್ನು ಬಿಟ್ಟಳು, ದ್ವೇಷವನ್ನು ಬಿಡಲಿಲ್ಲ. ಒಂದೇ ಎದೆಯಲ್ಲಿ ಎರಡೂ ಇದ್ದವು. ಎದುರು ಮನೆಯಾಕೆ ನನ್ನ ರಂಗೋಲಿಯನ್ನು ಕೋಳಿ ಕೆದರಿದ ಹಾಗಿದೆ ಅಂದಾಗೆಲ್ಲ, ಇವರಲ್ಲೂ ಏನೋ ಒಂದು ಮಹತ್ವ ಅಡಗಿರಬಹುದು ಎಂದು ಹುಡುಕುತ್ತೇನೆ. ಇನ್ನೂ ಸಿಕ್ಕಿಲ್ಲ.

ಅಂಡರ್‌ವುಡ್ ಎಂಬಾತನ ಕಥೆಯೂ ಹೀಗೇ. ಮೇಕಾಂಬಿನ ಪತ್ರಿಕೆಯ ಮಾಲೀಕ, ಸಂಪಾದಕ, ಮುದ್ರಕ ಎಲ್ಲವೂ ಅವನೇ. ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪಕ್ಷದಲ್ಲಿ ಕಾದಿದ ಬ್ರ್ಯಾಕ್ಸ್‌ಟನ್ ಬ್ರ್ಯಾಗ್ ಎಂಬ ಸೇನಾಪತಿಯ ಹೆಸರನ್ನೇ ಅವನಿಗೆ ಇಟ್ಟಿದ್ದಾರೆ. ಕಪ್ಪು ಜನ ಅವನಿಗೆ ಆಗಿಬರುವುದಿಲ್ಲ, ಅದನ್ನು ಮುಚ್ಚಿಟ್ಟವನೂ ಅಲ್ಲ. ಟಾಮನನ್ನು ಎಳೆದು ಕೊಲ್ಲಲು ಗುಂಪೊಂದು ರಾತ್ರಿ ಕಾರುಗಳಲ್ಲಿ ಜೈಲಿಗೆ ಬಂದಾಗ, ಆಟಿಕಸ್ ಮನೆಯಿಂದ ವಯರು ಬಲ್ಬು ತಂದು ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಾ ಕೂತಿದ್ದಾನೆ. ಆಮೇಲೆ ನಡೆಯುವುದು ಎಲ್ಲರಿಗೂ ಗೊತ್ತಿರುವ ದೃಶ್ಯ. ಸ್ಕೌಟ್ ಗುಂಪಿನೊಳಗೆ ನುಗ್ಗಿ, ಗುರುತಿನ ಮುಖ ಕಂಡಿತೆಂದು ಸೌದೆ ತರುತ್ತಿದ್ದ ಅದೇ ಕನ್ನಿಂಗ್‌ಹ್ಯಾಮನನ್ನು ಮಾತಾಡಿಸುತ್ತಾಳೆ, ಅವನ ಮಗನ ಯೋಗಕ್ಷೇಮ ಕೇಳುತ್ತಾಳೆ, ಅವನ ಜಮೀನಿನ ತಕರಾರಿನ ಸುದ್ದಿ ಎತ್ತುತ್ತಾಳೆ. ಕೊಲೆಗೆ ಬಂದವನ ಮುಂದೆ ಪಹಣಿ ಪತ್ರಿಕೆಯ ಮಾತು! ಅವನು ನಾಚಿ, ಅವಳ ಮಟ್ಟಕ್ಕೆ ಕುಕ್ಕರಗಾಲಲ್ಲಿ ಕೂತು ಎರಡು ಮಾತಾಡಿ, ಗುಂಪನ್ನು ಕರೆದುಕೊಂಡು ಹೊರಟುಹೋಗುತ್ತಾನೆ.

ಸಿನಿಮಾ ನೋಡಿದವರು ಇಲ್ಲಿ ಕಣ್ಣು ಒರೆಸಿಕೊಂಡು ಮುಂದೆ ಹೋಗುತ್ತಾರೆ. ಪುಸ್ತಕದಲ್ಲಿ ಒಂದು ಸಾಲಿನಷ್ಟು ಬಾಕಿ ಇದೆ. ಕತ್ತಲಲ್ಲಿ ಪತ್ರಿಕೆಯ ಆಫೀಸಿನ ಕಿಟಕಿಯಿಂದ ಅಂಡರ್‌ವುಡ್ಡನ ದನಿ ಬರುತ್ತದೆ. ಅಷ್ಟು ಹೊತ್ತೂ ಅವನು ಜೋಡುನಳಿಗೆಯ ಬಂದೂಕು ಹಿಡಿದು ಆಟಿಕಸ್ಸನಿಗೆ ಕಾವಲಿದ್ದ. ಯಾರಿಗೂ ಹೇಳಿರಲಿಲ್ಲ. ಕಪ್ಪು ಜನರನ್ನು ಕಂಡರಾಗದ ಮನುಷ್ಯ ಕಪ್ಪು ಕೈದಿಯ ಬಾಗಿಲನ್ನು ರಾತ್ರಿ ಕಾದ. ಮುಂದೆ ಟಾಮ್ ಜೈಲಿನ ಬೇಲಿ ಹತ್ತುವಾಗ ಕಾವಲುಗಾರರು ಅವನಿಗೆ ಹದಿನೇಳು ಗುಂಡು ಹೊಡೆದಾಗ, ಊರೆಲ್ಲ ಅದನ್ನು ಎರಡು ದಿನ ಮಾತಾಡಿ ಮರೆತಾಗ, ಕುದಿದು ಸಂಪಾದಕೀಯ ಬರೆದವನೂ ಅವನೇ. ಜಾಹೀರಾತು ಹೋದರೆ ಹೋಗಲಿ, ಚಂದಾ ಬಿಟ್ಟರೆ ಬಿಡಲಿ ಎಂದು. ಅವನಿಗೆ ಕಪ್ಪು ಜನರ ಮೇಲೆ ಪ್ರೀತಿ ಹುಟ್ಟಿತೇ? ಲೇಖಕಿ ಹಾಗೇನೂ ಹೇಳುವುದಿಲ್ಲ. ಅವನಿಗೆ ಕೆಲವು ಕೆಲಸಗಳನ್ನು ಕಂಡರೆ ಹೇಸಿಗೆ, ಅಷ್ಟೆ. ಬಹಳ ಸಲ ಜಗತ್ತು ಇಂಥ ಹೇಸಿಗೆಯ ಮೇಲೆಯೇ ನಡೆದುಕೊಂಡು ಹೋಗುತ್ತದೇನೋ.

ಇವರೆಲ್ಲ ಬಿಳಿಯರು. ಕಪ್ಪು ಜನರ ಧೈರ್ಯವನ್ನು ಈ ಪುಸ್ತಕ ಸರಿಯಾಗಿ ತೋರಿಸುವುದಿಲ್ಲ, ಅವರು ಮಹಡಿಯಲ್ಲಿ ಕೂತು ನೋಡುವವರಾಗಿ ಉಳಿಯುತ್ತಾರೆ ಎಂಬ ಆಕ್ಷೇಪವಿದೆ, ತಳ್ಳಿಹಾಕುವಂಥದ್ದಲ್ಲ. ಆದರೆ ಕ್ಯಾಲ್ಪರ್ನಿಯಾ ಮಕ್ಕಳನ್ನು ತನ್ನ ಚರ್ಚಿಗೆ ಕರೆದುಕೊಂಡು ಹೋಗುವ ಭಾನುವಾರವನ್ನು ಓದಿ ನೋಡಿ. ಅವಳು ಫಿಂಚ್ ಮನೆಯ ಅಡಿಗೆಯಾಕೆ. ಬಿಳಿಯ ಮಕ್ಕಳನ್ನು ಇಲ್ಲಿಗೇಕೆ ತಂದೆ ಎಂದು ಲೂಲಾ ಎಂಬವಳು ಬಾಗಿಲಲ್ಲೇ ಅಡ್ಡಗಟ್ಟುತ್ತಾಳೆ. ಎಲ್ಲರೂ ಲೂಲಾಳನ್ನು ಜಗಳಗಂಟಿ ಅನ್ನುತ್ತಾರೆ. ನನಗೆ ಅವಳ ಪ್ರಶ್ನೆ ನ್ಯಾಯವಾಗಿಯೇ ಕಂಡಿದೆ, ಅವರ ಚರ್ಚಿಗೆ ಇವರು ಹೋಗುವ ಹಾಗಿತ್ತೇ? ಒಳಗೆ ಪಾದ್ರಿ ಸೈಕ್ಸ್ ಟಾಮನ ಹೆಂಡತಿ ಹೆಲೆನ್‌ಗಾಗಿ ಚಂದಾ ಎತ್ತುತ್ತಿದ್ದಾರೆ. ಗಂಡ ಜೈಲಿಗೆ ಹೋದ ಮೇಲೆ ಅವಳಿಗೆ ಯಾರೂ ಕೂಲಿ ಕೊಡುತ್ತಿಲ್ಲ. ಹತ್ತು ಡಾಲರ್ ಬೇಕು, ಬಟ್ಟಲಿನಲ್ಲಿ ಅಷ್ಟು ಬಿದ್ದಿಲ್ಲ. ಪಾದ್ರಿ ಬಾಗಿಲು ಹಾಕಿಸಿ, ಹತ್ತು ಆಗುವವರೆಗೆ ಯಾರೂ ಹೊರಗೆ ಹೋಗುವಂತಿಲ್ಲ ಅನ್ನುತ್ತಾರೆ! ಚಿಲ್ಲರೆ ಒಂದೊಂದಾಗಿ ಬಂದು ಬೀಳುತ್ತದೆ. ಸೆಕೆ, ಬೆವರು, ಕಾಲು ಎಳೆಯುವ ಸದ್ದು. ಆ ಊರಿನಲ್ಲಿ ಟಾಮನ ಮನೆಯವರ ಪರ ದುಡ್ಡು ಕೊಡುವುದು ಕಣ್ಣಿಗೆ ಬೀಳುವ ಕೆಲಸ. ಕೊಟ್ಟವರ ಕೈಯಲ್ಲಿ ವಾರದ ಖರ್ಚಿಗೆ ಏನೂ ಉಳಿಯದ ಕೆಲಸವೂ ಹೌದು.

ನಮ್ಮ ಗಣೇಶೋತ್ಸವ ಸಮಿತಿಗೆ ಈ ಪಾದ್ರಿಯ ಉಪಾಯ ಹೇಳಿಬಿಟ್ಟಿದ್ದೇನೆ. ಆ ವರ್ಷದಿಂದ ಮಹಾಮಂಗಳಾರತಿಯ ಹೊತ್ತಿಗೆ ಪೆಂಡಾಲಿನಲ್ಲಿ ಜನ ಕಡಿಮೆ.

ಹತ್ತು ಡಾಲರ್ ಅಂದಾಗ ಇನ್ನೊಂದು ಹತ್ತು ಡಾಲರ್ ನೆನಪಾಯಿತು. 1966ರಲ್ಲಿ ವರ್ಜೀನಿಯಾದ ಹ್ಯಾನೋವರ್ ಕೌಂಟಿಯ ಶಾಲಾ ಮಂಡಳಿ ಈ ಪುಸ್ತಕ ಅನೈತಿಕ ಎಂದು ಅದನ್ನು ಶಾಲೆಗಳಿಂದ ತೆಗೆದುಹಾಕಲು ಹೊರಟಿತು. ಹಾರ್ಪರ್ ಲೀ ಸಂದರ್ಶನ ಕೊಡದ, ಭಾಷಣ ಮಾಡದ ಹೆಂಗಸು ಎಂದು ಪ್ರಸಿದ್ಧಿ. ಆಕೆ ರಿಚ್ಮಂಡ್‌ನ ಪತ್ರಿಕೆಗೊಂದು ಕಾಗದ ಬರೆದು, ಜೊತೆಗೆ ಪುಟ್ಟ ಕಾಣಿಕೆಯನ್ನೂ ಲಗತ್ತಿಸಿದಳು. ಈ ದುಡ್ಡಿನಲ್ಲಿ ಶಾಲಾ ಮಂಡಳಿಯ ಸದಸ್ಯರನ್ನು ಯಾವುದಾದರೂ ಶಾಲೆಯ ಒಂದನೇ ತರಗತಿಗೆ ಸೇರಿಸಿ ಎಂಬುದು ಕಾಗದದ ಸಾರ. ಕಾಣಿಕೆಯ ಮೊತ್ತ ಹತ್ತು ಡಾಲರ್.

ಈಗ ನನ್ನ ಪಟ್ಟಿಯ ತುದಿಗೆ ಬರುತ್ತೇನೆ. ಅಲ್ಲಿರುವವನು ಟಾಮ್. ಅವನು ಸುಳ್ಳು ಆರೋಪಕ್ಕೆ ಬಲಿಯಾದ ಪಾಪದವನು, ಅಷ್ಟೇ ತಾನೇ, ಅವನ ಧೈರ್ಯ ಎಲ್ಲಿ ಬಂತು ಎಂದು ತಮ್ಮ ಕೇಳುತ್ತಾನೆ. ಕಟಕಟೆಯ ಒಂದು ಕ್ಷಣದಲ್ಲಿ ಬಂತು. ಸರ್ಕಾರಿ ವಕೀಲ ಗಿಲ್ಮರ್ ಪಾಟೀಸವಾಲಿನಲ್ಲಿ ಅವನನ್ನು ಮೂಲೆಗೆ ಒತ್ತುತ್ತಾನೆ. ಕೂಲಿಯಿಲ್ಲದೆ ಆ ಹುಡುಗಿಗೆ ಸೌದೆ ಒಡೆದುಕೊಟ್ಟೆ, ನೀರು ತಂದುಕೊಟ್ಟೆ ಅನ್ನುತ್ತೀಯಲ್ಲ, ಯಾಕೆ? ಏಳು ಜನ ತಮ್ಮ ತಂಗಿಯರನ್ನು ಸಾಕುತ್ತಾ, ಕುಡುಕ ಅಪ್ಪನ ಏಟು ತಿನ್ನುತ್ತಾ, ಕಸದ ಗುಂಡಿಯ ಪಕ್ಕದ ಮನೆಯಲ್ಲಿ ಒಡಕು ಪಾತ್ರೆಗಳಲ್ಲಿ ಕೆಂಪು ಜೆರೇನಿಯಂ ಹೂ ಬೆಳೆಸುತ್ತಿದ್ದ ಮೇಯೆಲ್ಲಾಗೆ ಇಡೀ ಊರಿನಲ್ಲಿ ಒಂದು ಕೈ ನೆರವು ಕೊಟ್ಟವನು ಇವನೊಬ್ಬ. ಅವಳನ್ನು ಕಂಡು ಮರುಕವಾಯಿತು ಅಂತ ಹೇಳಿಬಿಡುತ್ತಾನೆ.

ಕೋರ್ಟಿನ ಗಾಳಿಯೇ ನಿಂತುಬಿಡುತ್ತದೆ. ಬಿಳಿಯ ಹೆಂಗಸಿಗೆ ಕಪ್ಪು ಮನುಷ್ಯ ಹೆದರಬಹುದು, ವಿಧೇಯನಾಗಬಹುದು, ಆದರೆ ಮರುಕ ಪಡುವುದು? ಮರುಕ ಮೇಲಿನಿಂದ ಕೆಳಕ್ಕೆ ಹರಿಯುವ ವಸ್ತು ಎಂದು ಆ ಊರು ನಂಬಿತ್ತು. ಅವನನ್ನು ಅಪರಾಧಿಯಾಗಿಸಿದ್ದು ಮೇಯೆಲ್ಲಾಳ ಸುಳ್ಳು ಅಲ್ಲ, ಈ ನಿಜ. ಟಾಮನಿಗೂ ಅದು ಬಾಯಿಂದ ಬಿದ್ದ ಕೂಡಲೇ ಗೊತ್ತಾಗುತ್ತದೆ. “ಹಾಗಾದರೆ ಅದು ಬಾಯಿತಪ್ಪಿ ಬಂದ ಮಾತು, ಧೈರ್ಯ ಅಲ್ಲ” ಎಂದು ತಮ್ಮ ವಕೀಲನ ಹಾಗೆ ಎಳೆ ಹಿಡಿದ. ಇರಬಹುದು. ಆದರೆ ಅದೇ ಕಟಕಟೆಯಲ್ಲಿ, ಹುಡುಗಿ ಸುಳ್ಳುಗಾತಿಯೇ ಎಂದು ಕೇಳಿದಾಗ ಹಾಗಲ್ಲ, ಅವಳ ಮನಸ್ಸಿನಲ್ಲಿ ತಪ್ಪಾಗಿ ಮೂಡಿದೆ ಎಂದು ಅವನು ಮತ್ತೆ ಮತ್ತೆ ಹೇಳುತ್ತಾನೆ. ತನ್ನನ್ನು ಕೊಲ್ಲಿಸುತ್ತಿರುವವಳನ್ನು ಸುಳ್ಳಿ ಅನ್ನದೆ, ನಡೆದದ್ದನ್ನೂ ಬಿಡದೆ ಹೇಳುವುದು ಬಾಯಿತಪ್ಪಲ್ಲ.

ಇದೆಲ್ಲ ಕಟ್ಟುಕಥೆ, ನಿಜ ಜೀವನದಲ್ಲಿ ಹೀಗಾಗುವುದಿಲ್ಲ ಅನ್ನುವವರಿಗೆ ಅದೇ ಅಲಬಾಮಾದ ಸ್ಕಾಟ್ಸ್‌ಬರೊ ಕೇಸು ಇದೆ. 1931ರ ಮಾರ್ಚ್‌ನಲ್ಲಿ ಗೂಡ್ಸ್ ರೈಲೊಂದರಿಂದ ಒಂಬತ್ತು ಜನ ಕಪ್ಪು ಹುಡುಗರನ್ನು ಇಳಿಸಿ, ಇಬ್ಬರು ಬಿಳಿಯ ಯುವತಿಯರ ಮೇಲೆ ಅತ್ಯಾಚಾರ ಮಾಡಿದರೆಂದು ಆರೋಪಿಸಿದರು. ಕೆಲವೇ ದಿನಗಳಲ್ಲಿ ಎಂಟು ಜನರಿಗೆ ಮರಣದಂಡನೆ. ಒಂಬತ್ತನೆಯವನು ಇನ್ನೂ ಬಾಲಕ. ಹಾರ್ಪರ್ ಲೀಗೆ ಆಗ ಐದು ತುಂಬುತ್ತಿತ್ತು. ಸುಪ್ರೀಂ ಕೋರ್ಟು ಶಿಕ್ಷೆ ರದ್ದುಮಾಡಿದ್ದರಿಂದ 1933ರಲ್ಲಿ ಡಿಕೇಟರ್ ಎಂಬಲ್ಲಿ ಮತ್ತೆ ವಿಚಾರಣೆ ಶುರುವಾಯಿತು. ಆರೋಪ ಮಾಡಿದ ಇಬ್ಬರಲ್ಲಿ ಒಬ್ಬಳಾದ ರೂಬಿ ಬೇಟ್ಸ್, ಹತ್ತಿ ಗಿರಣಿಯ ಬಡ ಹುಡುಗಿ, ಆರೋಪಿಗಳ ಪರ ಸಾಕ್ಷಿಯಾಗಿ ಬಂದು, ನಾವು ಹೇಳಿದ್ದು ಸುಳ್ಳು ಎಂದಳು. ಮೇಯೆಲ್ಲಾ ಮಾಡಲಾಗದ್ದನ್ನು ಇವಳು ಮಾಡಿದಳು. ಜ್ಯೂರಿ ನೋಡಿದ್ದು ಅವಳ ಮಾತನ್ನಲ್ಲ, ಅವಳ ಹೊಸ ಕೋಟನ್ನು. ಇದಕ್ಕೆ ದುಡ್ಡು ಯಾರು ಕೊಟ್ಟರು ಎಂಬುದೇ ಸರ್ಕಾರಿ ಕಡೆಯ ದೊಡ್ಡ ಪ್ರಶ್ನೆ. ತೀರ್ಪು ಮತ್ತೆ ಅಪರಾಧಿ ಎಂದೇ ಬಂತು.

ಅಲ್ಲಿನ ನ್ಯಾಯಾಧೀಶ ಜೇಮ್ಸ್ ಹಾರ್ಟನ್. ಯುವತಿಯರನ್ನು ಪರೀಕ್ಷಿಸಿದ್ದ ವೈದ್ಯರಲ್ಲೊಬ್ಬರು ತಮ್ಮನ್ನು ಗುಟ್ಟಾಗಿ ಕಂಡು, ಅತ್ಯಾಚಾರ ನಡೆದೇ ಇಲ್ಲ, ಆದರೆ ಇದನ್ನು ಕಟಕಟೆಯಲ್ಲಿ ಹೇಳಿದರೆ ಊರಿನಲ್ಲಿ ನನ್ನ ಬಾಳು ಮುಗಿಯಿತು ಎಂದರೆಂದು ಹಾರ್ಟನ್ ಮುಂದೆ ಹೇಳಿದರು. ವೈದ್ಯರು ಆಮೇಲೆ ಅದನ್ನು ಅಲ್ಲಗಳೆದರು. ಕಾದಂಬರಿಯಲ್ಲಿ ಮೇಯೆಲ್ಲಾಗೆ ಡಾಕ್ಟರನ್ನೇ ಕರೆಸಿರಲಿಲ್ಲ ಎಂಬ ಅಂಶವನ್ನು ಆಟಿಕಸ್ ಕೆದಕಿ ಕೆದಕಿ ಕೇಳುವುದನ್ನು ಓದಿದಾಗ ನನಗೆ ಈ ಡಾಕ್ಟರು ನೆನಪಾಗುತ್ತಾರೆ. ಜೂನ್ ತಿಂಗಳಲ್ಲಿ ಹಾರ್ಟನ್ ಜ್ಯೂರಿಯ ತೀರ್ಪನ್ನೇ ಬದಿಗಿಟ್ಟು ಹೊಸ ವಿಚಾರಣೆಗೆ ಆದೇಶಿಸಿದರು. ಸಾಕ್ಷ್ಯ ನಿಲ್ಲುವುದಿಲ್ಲ ಎಂದು ಕಾರಣ ಕೊಟ್ಟರು. ಅಲ್ಲಿ ನ್ಯಾಯಾಧೀಶರನ್ನು ಜನವೇ ಓಟು ಹಾಕಿ ಆರಿಸುತ್ತಾರೆ. 1934ರ ಚುನಾವಣೆಯಲ್ಲಿ ಹಾರ್ಟನ್ ಸೋತರು. ಮತ್ತೆ ಆ ಕುರ್ಚಿಗೆ ಬರಲಿಲ್ಲ.

ಹಾರ್ಪರ್ ಲೀಯ ಅಪ್ಪ ಅಮಾಸ ಲೀಯೂ ಮನ್ರೋವಿಲ್ ಎಂಬ ಸಣ್ಣ ಊರಿನ ವಕೀಲರು. 1919ರಲ್ಲಿ ಕೊಲೆ ಆರೋಪದ ಇಬ್ಬರು ಕಪ್ಪು ಜನರ ಪರ, ಅಪ್ಪ ಮತ್ತು ಮಗ, ವಾದಿಸಿ ಸೋತರು. ಇಬ್ಬರನ್ನೂ ಗಲ್ಲಿಗೇರಿಸಿದರು. ಆಮೇಲೆ ಅವರು ಕ್ರಿಮಿನಲ್ ಕೇಸು ಮುಟ್ಟಲಿಲ್ಲ. ಇಂಥ ಅಪ್ಪನಿಂದಲೇ ಆಟಿಕಸ್ ಹುಟ್ಟಿದ್ದು. ಆಸ್ಕರ್ ರಾತ್ರಿ ಗ್ರೆಗರಿ ಪೆಕ್ಕನ ಹತ್ತಿರ ಇದ್ದದ್ದು ಆ ಅಪ್ಪನ ಜೇಬು ಗಡಿಯಾರ, ಹಾರ್ಪರ್ ಲೀ ಕೊಟ್ಟದ್ದು.

ಈಗ ಮನ್ರೋವಿಲ್ಲಿನ ಹಳೆಯ ಕೋರ್ಟು ಮ್ಯೂಸಿಯಂ ಆಗಿದೆ. ಅಲ್ಲಿ ಪ್ರತಿ ವಸಂತದಲ್ಲಿ ಈ ಕಥೆಯನ್ನು ಊರವರೇ ನಾಟಕವಾಡುತ್ತಾರೆ, ಪ್ರೇಕ್ಷಕರನ್ನೇ ಜ್ಯೂರಿಯಾಗಿ ಕೂರಿಸುತ್ತಾರೆ. ಅದೇ ಊರಿನಲ್ಲಿ 1987ರಲ್ಲಿ ವಾಲ್ಟರ್ ಮೆಕ್‌ಮಿಲಿಯನ್ ಎಂಬ ಕಪ್ಪು ಮನುಷ್ಯನನ್ನು ಬಿಳಿಯ ಯುವತಿಯೊಬ್ಬಳ ಕೊಲೆಗೆ ಹಿಡಿದರು. ಕೊಲೆಯಾದ ಹೊತ್ತಿನಲ್ಲಿ ಅವನು ಮನೆಯಲ್ಲಿ ಚರ್ಚಿಗೆ ದುಡ್ಡೆತ್ತಲು ಮೀನು ಹುರಿದು ಮಾರುತ್ತಿದ್ದವರ ಜೊತೆಯಲ್ಲಿದ್ದ. ನೋಡಿದ ಜನ ಎಷ್ಟೋ, ಎಲ್ಲ ಕಪ್ಪು ಜನ. ಜ್ಯೂರಿ ಜೀವಾವಧಿ ಎಂದಿತು, ನ್ಯಾಯಾಧೀಶ ಅದನ್ನು ಮರಣದಂಡನೆಗೆ ಏರಿಸಿದ. ಬ್ರಯನ್ ಸ್ಟೀವನ್ಸನ್ ಎಂಬ ವಕೀಲರು ಹೋರಾಡಿ 1993ರಲ್ಲಿ ಅವನನ್ನು ಬಿಡಿಸಿದರು. ಆ ನ್ಯಾಯಾಧೀಶನ ಹೆಸರು ರಾಬರ್ಟ್ ಇ. ಲೀ ಕೀ. ಅದೂ ಅಂತರ್ಯುದ್ಧದ ಆ ಕಡೆಯ ಸೇನಾಪತಿಯದೇ ಹೆಸರು. ಕಾದಂಬರಿಕಾರ ಹೀಗೆ ಬರೆದರೆ ಸಂಪಾದಕರು ಅತಿಯಾಯಿತು ಎಂದು ಹೊಡೆದುಹಾಕುತ್ತಾರೆ.

2015ರಲ್ಲಿ ಹಾರ್ಪರ್ ಲೀಯ ಹಳೆಯ ಹಸ್ತಪ್ರತಿ ‘ಗೋ ಸೆಟ್ ಎ ವಾಚ್‌ಮನ್’ ಎಂದು ಅಚ್ಚಾಯಿತು. ಅದರಲ್ಲಿ ಎಪ್ಪತ್ತೆರಡರ ಆಟಿಕಸ್, ಬಿಳಿಯರ ಹಿಡಿತ ತಪ್ಪದಿರಲೆಂದು ಸೇರಿದ ಸಭೆಯಲ್ಲಿ ಕೂತಿದ್ದಾನೆ. ತಮ್ಮ ಪುಸ್ತಕ ಓದಿ ಮುಗಿಸಿದ ಮರುದಿನ ಗ್ರೆಗರಿ ಪೆಕ್ ಬೀರುವಿನ ಹಿಂದೆ ಮಾಯ. ನಾನು ಒಂದು ಮಾತೂ ಆಡಲಿಲ್ಲ, ಅಕ್ಕನಾದವಳಿಗೆ ಅಷ್ಟು ಸಂಯಮ ಸುಲಭವಲ್ಲ. ಪಟ ಇದ್ದ ಜಾಗದಲ್ಲಿ ಗೋಡೆಯ ಮೇಲೆ ಬೆಳ್ಳಗಿನ ಚೌಕ ಉಳಿದು ಕಕ್ಷಿದಾರರು ಸಾವಾಯಿತೇನೋ ಎಂದು ವಿಚಾರಿಸತೊಡಗಿದ್ದರಿಂದ ಕೆಲವು ದಿನಗಳ ನಂತರ ಅದು ಸ್ವಸ್ಥಾನಕ್ಕೆ ಬಂತು. “ಇರ್ಲಿ ಬಿಡಕ್ಕ, ಆ ಒಂದ್ ಕೇಸು ಚೆನ್ನಾಗ್ ನಡೆಸಿದ” ಅಂದ. ಈ ಮಾತು ಮೊದಲಿನ ಅವನ ಭಕ್ತಿಗಿಂತ ನನಗೆ ಹಿಡಿಸಿತು.

ನನ್ನ ಪಟ್ಟಿಯಲ್ಲಿ ಇನ್ನೊಬ್ಬ ಬಾಕಿ. ಲಿಂಕ್ ಡೀಸ್. ಹತ್ತಿ ಬೆಳೆಯುವವನು, ಪೇಟೆಯಲ್ಲಿ ಒಂದು ಅಂಗಡಿ. ವಿಚಾರಣೆಯ ನಡುವೆ ತಡೆಯಲಾರದೆ ಎದ್ದು ನಿಂತು, ಟಾಮ್ ಎಂಟು ವರ್ಷ ನನ್ನ ಹತ್ತಿರ ದುಡಿದಿದ್ದಾನೆ, ಒಂದು ದಿನ ತಂಟೆಯಿಲ್ಲ ಎಂದು ಕೂಗಿಬಿಟ್ಟವನು. ನ್ಯಾಯಾಧೀಶ ಗದರಿಸಿ ಹೊರಗೆ ಕಳಿಸಿದ. ಟಾಮನಿಗೆ ಅದರಿಂದ ಕಾಸಿನ ಉಪಯೋಗವಾಗಲಿಲ್ಲ. ತಮ್ಮನಂಥ ವಕೀಲರಿಗೆ ಇಂಥವರನ್ನು ಕಂಡರೆ ಮೈ ಉರಿಯುತ್ತದೆ, ಕೇಸು ಕೆಡಿಸುವವರು ಎಂದು.

ಟಾಮ್ ಸತ್ತ ಮೇಲೆ ಅದೇ ಡೀಸ್, ಅಷ್ಟೇನೂ ಅಗತ್ಯವಿಲ್ಲದಿದ್ದರೂ, ಹೆಲೆನ್‌ಗೆ ತನ್ನ ಮನೆಯಲ್ಲಿ ಒಂದು ಕೆಲಸ ಹುಟ್ಟಿಸಿಕೊಟ್ಟ. ಅವಳು ಬೆಳಿಗ್ಗೆ ಎತ್ತಲಿಂದಲೋ ಬರುತ್ತಾಳಲ್ಲ ಎಂದು ಅವನಿಗೆ ಕ್ರಮೇಣ ಗೊತ್ತಾಯಿತು. ನೇರ ದಾರಿಯಲ್ಲಿ ಯೂಯೆಲ್ ಮನೆ ಸಿಗುತ್ತದೆ, ಅಲ್ಲಿಂದ ಕಲ್ಲು ತೂರಿ ಬರುತ್ತವೆ; ಅದಕ್ಕೆ ಅವಳು ಹೆಚ್ಚುಕಡಿಮೆ ಒಂದು ಮೈಲಿ ಸುತ್ತುಬಳಸಿ ಬರುತ್ತಿದ್ದಳು. ಆ ಸಂಜೆ ಡೀಸ್ ಅಂಗಡಿ ಮುಚ್ಚಿ, ತಲೆಗೆ ಟೋಪಿ ಒತ್ತಿಕೊಂಡು, ಅವಳ ಜೊತೆ ನೇರ ದಾರಿಯಲ್ಲೇ ನಡೆದ. ಅವಳನ್ನು ಮನೆ ಸೇರಿಸಿ ಹಿಂದಕ್ಕೆ ಬರುವಾಗ ಯೂಯೆಲ್ ಮನೆಯ ಮುಂದೆ ನಿಂತು ಮೇಯೆಲ್ಲಾಳ ಅಪ್ಪನ ಹೆಸರು ಹಿಡಿದು ಕೂಗಿದ. ಯಾವಾಗಲೂ ಮಕ್ಕಳು ಜೋತುಬಿದ್ದಿರುವ ಕಿಟಕಿಗಳಲ್ಲಿ ಒಂದು ತಲೆಯೂ ಕಾಣಲಿಲ್ಲ. ಎಲ್ಲರೂ ಒಳಗೆ ನೆಲ ಕಚ್ಚಿ ಮಲಗಿದ್ದೀರಿ ಎಂದು ನನಗೆ ಗೊತ್ತು ಎಂದು ಹೇಳಿ, ಹೆಲೆನ್ ತಂಟೆಗೆ ಬಂದರೆ ಏನಾಗುತ್ತದೆ ಎಂಬುದನ್ನು ಅದೇ ದೊಡ್ಡ ಗಂಟಲಿನಲ್ಲಿ ತಿಳಿಸಿದ. ಮರುದಿನ ಯೂಯೆಲ್ ಅವಳ ಹಿಂದೆ ಹೊಲಸು ಗೊಣಗುತ್ತಾ ಬಂದ. ಡೀಸ್ ಅವನನ್ನು ಬೇಲಿಯ ಹತ್ತಿರವೇ ತಡೆದು, ಇನ್ನೊಂದು ಸಲ ಹೀಗೆ ಮಾಡಿದರೆ ಜೈಲು ಅಂದ. ಆಮೇಲೆ ಹೆಲೆನ್ ಸುತ್ತಬೇಕಾಗಲಿಲ್ಲ.